ಸಮಿತಿಯವರು ಮನೆ ನೋಡಲು ಬಂದದ್ದು

ನನ್ನ ಮಗಳಿಗೆ ದತ್ತಿಯ ದುಡ್ಡು ತಪ್ಪಿದ್ದು ಯಾರ ಮೋಸದಿಂದಲೂ ಅಲ್ಲ, ಉಪ್ಪಿಟ್ಟಿನಿಂದ. ಉಪ್ಪಿಟ್ಟು ಕೆಟ್ಟಿದ್ದರೆ ಸಿಕ್ಕಿರುತ್ತಿತ್ತು. ಚೆನ್ನಾಗಿತ್ತು, ಮೇಲೆ ತುಪ್ಪ ಬೇರೆ ಬಿದ್ದಿತ್ತು, ಅದಕ್ಕೇ ಸಿಗಲಿಲ್ಲ.

ನಮ್ಮತ್ತೆ ಸಾಯುವ ತನಕ ಇದನ್ನು ಒಪ್ಪಲಿಲ್ಲ. "ಬೇಕಾದವರಿಗೆ ಹಂಚ್ಕೊಂಡ್ರು" ಅಂತಲೇ ಹೇಳಿಕೊಂಡು ಹೋದರು. ವಠಾರದಲ್ಲೂ ಹಾಗೆ ಮಾತಾಡಿದವರಿದ್ದರು. ನನಗೆ ಹಾಗನ್ನಿಸಲಿಲ್ಲ. ಮೂವರು ಒಳ್ಳೆಯವರು ಬಂದರು, ಮನೆ ನೋಡಿದರು, ಕಂಡದ್ದನ್ನು ನಂಬಿದರು. ಕಂಡದ್ದು ನಮ್ಮ ಮನೆಯಾಗಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಜಯನಗರದ ಅಂಚಿನಲ್ಲಿ, ಸಿದ್ದಾಪುರದ ಕಡೆಗೆ ತಿರುಗುವಲ್ಲಿ ನಮ್ಮ ವಠಾರ. ನಡುವೆ ಒಂದು ನಲ್ಲಿ, ಸುತ್ತ ಒಂದೊಂದು ಕೋಣೆ ಒಂದೊಂದು ಅಡುಗೆಮನೆಯ ಸಾಲು. ನನ್ನ ಗಂಡ ಚಿಕ್ಕಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಪ್ರೆಸ್ಸು ಮುಚ್ಚಿತು. ಯಜಮಾನ ಬಾಕಿ ಸಂಬಳದ ಬದಲು ಮಾತು ಕೊಟ್ಟು ಕಳಿಸಿದ. ಅಲ್ಲಿಂದ ಮುಂದೆ ಇವರು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೊರಡುತ್ತಿದ್ದರು, ಮಧ್ಯಾಹ್ನಕ್ಕೆ ಅದೇ ಇಸ್ತ್ರಿಯಲ್ಲಿ ವಾಪಸ್ಸು ಬರುತ್ತಿದ್ದರು. ನಾನು ಹಪ್ಪಳ ಒತ್ತುತ್ತಿದ್ದೆ. ಊಟಕ್ಕೆ ತೊಂದರೆ ಇರಲಿಲ್ಲ ಅಂದರೆ ಸುಳ್ಳು, ಉಪವಾಸ ಬಿದ್ದೆವು ಅಂದರೂ ಸುಳ್ಳು.

ಮಗಳಿಗೆ ಓದಿಗಿಂತ ತಂತಿ ಇಷ್ಟ. ಚಿಕ್ಕಂದಿನಿಂದಲೂ ಕೆಟ್ಟ ಟಾರ್ಚು, ಕೆಟ್ಟ ಗಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದಳು. ಮೊದಮೊದಲು ಬೈದೆ. ಆಮೇಲೆ ಬಿಚ್ಚಿದ್ದು ಮತ್ತೆ ಓಡುವುದನ್ನು ನೋಡಿ ಸುಮ್ಮನಾದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳಿಗೆ ಹೆಣ್ಣುಮಕ್ಕಳ ಪಾಲಿಟೆಕ್ನಿಕ್ಕಿನಲ್ಲಿ ಸೀಟು ಬಂತು. ರೇಡಿಯೋ ಇತ್ಯಾದಿ ಕಲಿಸುವ ವಿಭಾಗದಲ್ಲಿ. ಆಷಾಢ ಮುಗಿಯುವುದರೊಳಗೆ ಮೊದಲ ಕಂತು ಕಟ್ಟದಿದ್ದರೆ ಸೀಟು ಇನ್ನೊಬ್ಬರಿಗೆ. ಕಂತಿನ ದುಡ್ಡು ನಮ್ಮಲ್ಲಿರಲಿಲ್ಲ. ನನ್ನ ಕೊರಳಲ್ಲಿ ಕರಿಮಣಿ ಬಿಟ್ಟು ಬೇರೇನೂ ಉಳಿದಿರಲಿಲ್ಲ, ಅದನ್ನು ಯಾರೂ ಅಡವು ಇಟ್ಟುಕೊಳ್ಳುವುದಿಲ್ಲ.

ದತ್ತಿಯ ಸುದ್ದಿ ತಂದವನು ಪಕ್ಕದ ಮನೆಯ ಕಂಡಕ್ಟರು. ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುವವನಿಗೆ ಗೊತ್ತಿಲ್ಲದ ಸುದ್ದಿ ಇರಲಿಲ್ಲ.

"ಅಕ್ಕಾ, ಭಜನೆ ಮಂದಿರದವರು ಕೊಡ್ತಾರಂತೆ. ಅರ್ಜಿ ಹಾಕಿ. ದೇಣಿಗೆ ಎತ್ತಿ ಕೊಡೋದಲ್ಲ, ಯಾರ ಹಂಗೂ ಇಲ್ಲ. ಸತ್ತೋರ ದುಡ್ಡು."

ಸತ್ತವರು ಅಂದರೆ ಸೌದೆ ಡಿಪೋ ಇಟ್ಟಿದ್ದ ಒಬ್ಬ ಮುದುಕರು. ಮಕ್ಕಳಿರಲಿಲ್ಲ. ಬಡಾವಣೆಯಲ್ಲಿ ಸಿಕ್ಕಿದ್ದ ಸೈಟು ಮಾರಿ ಬಂದದ್ದನ್ನು ಬ್ಯಾಂಕಿನಲ್ಲಿ ಇಟ್ಟು, ಒಂದು ಪತ್ರ ಬರೆದು ಕಣ್ಣು ಮುಚ್ಚಿದ್ದರು. ಅಸಲು ಮುಟ್ಟಬಾರದು. ಬಡ್ಡಿಯನ್ನು ಮೂರು ಪಾಲು ಮಾಡಬೇಕು. ಒಂದು ಓದುವ ಮಕ್ಕಳಿಗೆ, ಒಂದು ಕಾಯಿಲೆ ಬಿದ್ದವರಿಗೆ, ಒಂದು ಆಷಾಢದಲ್ಲಿ ಅವರು ತೀರಿಕೊಂಡ ದಿನ ಬಡಾವಣೆಗೆಲ್ಲ ಊಟ ಹಾಕಲಿಕ್ಕೆ. ಊಟದಲ್ಲಿ ಹೋಳಿಗೆ ಇರಲೇಬೇಕು ಅಂತಲೂ ಬರೆದಿದ್ದರಂತೆ. ಸೌದೆ ಮಾರುವವರು ಒಲೆಯ ಮೇಲಿನದ್ದನ್ನು ಮರೆಯುತ್ತಾರೆಯೇ?

ಇದನ್ನು ನಡೆಸಲು ಬಡಾವಣೆಯ ದೊಡ್ಡವರ ಸಮಿತಿ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಲೆಕ್ಕ ನೋಡುವವರು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಒಬ್ಬ ಕನ್ನಡಕದವರು. ಮೂರನೆಯವರು ಒಬ್ಬ ಡಾಕ್ಟರ ಹೆಂಡತಿ. ಗಂಡಸರು ಅಡುಗೆಮನೆಗೆ ನುಗ್ಗುವ ಹಾಗಿಲ್ಲವಲ್ಲ, ಅದಕ್ಕೆ ಆಕೆ. ಅರ್ಜಿ ಹಾಕಿದವರ ಮನೆಗೆ ಮೂವರೂ ಖುದ್ದು ಹೋಗಿ ನೋಡಿ ಬರುವುದು ಅವರ ಕ್ರಮ. ಕಾಗದದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಗೋಡೆ ಸುಳ್ಳು ಹೇಳುವುದಿಲ್ಲ ಅಂತ ಅವರ ಲೆಕ್ಕ.

ನನ್ನ ಗಂಡ ಅರ್ಜಿ ಬರೆದರು. ಮುತ್ತಿನಂಥ ಅಕ್ಷರ. ಒಂದು ದಿನ ಕಂಡಕ್ಟರು ಓಣಿಯ ತುದಿಯಿಂದಲೇ ಕೂಗಿಕೊಂಡು ಬಂದ: "ಅಕ್ಕಾ, ಭಾನುವಾರ ಮನೆ ನೋಡಕ್ಕೆ ಬರ್ತಾರೆ!"

ಆ ಮಾತು ಕಿವಿಗೆ ಬಿದ್ದದ್ದೇ ತಡ, ವಠಾರ ಸೆಟೆದು ನಿಂತಿತು.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮ ವಠಾರದಲ್ಲಿ ಯಾರ ಮನೆಯನ್ನಾದರೂ ನೋಡಲು ಜನ ಬರುತ್ತಾರೆ ಅಂದರೆ ಅದು ಹೆಣ್ಣು ನೋಡಲು ಬರುವಾಗ. ಆಗ ಹೇಳಿಸಿಕೊಳ್ಳದೆ ಎಲ್ಲರೂ ಕೊಡುತ್ತಿದ್ದರು. ಒಬ್ಬರ ಕುರ್ಚಿ, ಒಬ್ಬರ ಜಮಖಾನ, ಒಬ್ಬರ ಬೆಳ್ಳಿ ಕುಂಕುಮದ ಬಟ್ಟಲು. ಬಂದವರು ಹೋದ ಮೇಲೆ ಎಲ್ಲ ಅವರವರ ಮನೆಗೆ. ಹೀಗೆ ಒಂದೇ ಜೊತೆ ಕುರ್ಚಿ ವಠಾರದ ಎಷ್ಟೋ ಹೆಣ್ಣುಮಕ್ಕಳ ಮದುವೆ ಮಾಡಿಸಿತ್ತು. ನಮ್ಮಲ್ಲಿ ಇದ್ದದ್ದು ಆ ಒಂದು ಅಭ್ಯಾಸ. ಬಡತನ ನೋಡಲು ಬರುವವರಿಗೆ ಬೇರೆ ಏರ್ಪಾಡು ಮಾಡಬೇಕು ಅಂತ ಯಾರಿಗೆ ಹೊಳೆಯಬೇಕು?

ಶನಿವಾರ ಸಂಜೆಗೆ ಕಂಡಕ್ಟರು ಎರಡು ಮಡಚುವ ಕುರ್ಚಿ ತಂದು ಹಾಕಿದ. ಎದುರು ಮನೆಯ ಟೈಲರನ ಹೆಂಡತಿ ಹೊಸ ಸ್ಟೀಲ್ ಲೋಟ, ತಟ್ಟೆ ತಂದಿಟ್ಟಳು. ಅವಳ ತವರಿನವರು ಕೊಟ್ಟದ್ದು, ಹೆಸರು ಕೆತ್ತಿಸದೇ ಇದ್ದದ್ದರಿಂದ ಯಾರ ಮನೆಗೆ ಬೇಕಾದರೂ ಒಗ್ಗುತ್ತಿತ್ತು. ನಮ್ಮ ಅಕ್ಕಿ ಡಬ್ಬ ಅಲ್ಲಾಡಿಸಿ ನೋಡಿ, ಮೂಗು ಮುರಿದು, ತನ್ನ ಮನೆಯ ಅಕ್ಕಿ ತಂದು ಬಾಯಿತನಕ ಸುರಿದಳು.

"ಆಮೇಲೆ ಅಳೆದು ತಗೊಂಡು ಹೋಗ್ತೀನಿ ಅಕ್ಕಾ. ಖಾಲಿ ಡಬ್ಬ ಕಂಡ್ರೆ ಮಾನ ಹೋಗುತ್ತೆ."

ನನಗೆ ಸ್ವಲ್ಪ ಅನುಮಾನ ಬಂತು. "ಅತ್ತೆ, ಅವರು ಬರೋದು ನಮಗೆ ಇಲ್ಲ ಅಂತ ನೋಡೋಕಲ್ವಾ?" ಅಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ವೇ, ಮನೆಗೆ ಬಂದೋರನ್ನ ಬರೀ ನೆಲದ ಮೇಲೆ ಕೂರಿಸಿ ಇದೇ ನಮ್ಮ ಗತಿ ಅಂತ ಬಾಯಿ ಬಡ್ಕೊಳ್ಳೋಣವಾ? ಭಿಕ್ಷೆ ಬೇಡೋರಿಗೂ ಒಂದು ಜೋಳಿಗೆ ಇರುತ್ತೆ ಕಣೇ."

ಗಂಡ ಭಾನುವಾರಕ್ಕೆ ಷರಟು ಇಸ್ತ್ರಿ ಮಾಡಲು ಕೂತರು.

ಕೊನೆಗೆ ಬಂದದ್ದು ಕಂಡಕ್ಟರನ ರೇಡಿಯೋ. ಮರದ ಪೆಟ್ಟಿಗೆಯದು, ಕೆಟ್ಟು ವರ್ಷಗಟ್ಟಲೆ ಮೂಲೆಯಲ್ಲಿತ್ತು. "ಓಡಲ್ಲ, ಶೋಕಿಗೆ ಇರಲಿ" ಅಂತ ತಂದಿಟ್ಟ. ಅಷ್ಟೇ ಸಾಕಾಯಿತು ನನ್ನ ಮಗಳಿಗೆ. ಬೆನ್ನು ಬಿಚ್ಚಿ ಕೂತಳು. ಒಳಗೆ ಜೇಡರ ಬಲೆ, ಸತ್ತ ಜಿರಲೆ. ಟೈಲರನ ಕತ್ತರಿ, ನನ್ನ ಹೇರ್‌ಪಿನ್ನು, ಪೇಟೆಯ ಬೀದಿಯಲ್ಲಿ ಹಳೆಯ ಸಾಮಾನು ಮಾರುವವನಿಂದ ತಂದ ಎಂಥದೋ ಒಂದು ತುಂಡು. ಭಾನುವಾರ ಬೆಳಿಗ್ಗೆ ಅದು ಗೊರಗೊರ ಅಂದು, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡಿತು. ವಠಾರದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು. ಯಾರೂ ಅದನ್ನು ಆರಿಸಲಿಲ್ಲ.

ಸಮಿತಿಯವರು ಬಂದಾಗ ವೀಣೆ ಬರುತ್ತಿತ್ತು.

ಮೇಷ್ಟ್ರು, ಬ್ಯಾಂಕಿನವರು ಕುರ್ಚಿಯ ಮೇಲೆ ಕೂತರು. ಡಾಕ್ಟರ ಹೆಂಡತಿ ಜಮಖಾನದ ಮೇಲೆ. ಅತ್ತೆ ಉಪ್ಪಿಟ್ಟು ತಂದರು. ರವೆ ಕಂಡಕ್ಟರನ ಮನೆಯದು, ತುಪ್ಪ ಟೈಲರನ ಮನೆಯದು, ಉಪ್ಪು ನಮ್ಮದು.

"ಇದೆಲ್ಲ ಯಾಕಮ್ಮಾ ತೊಂದರೆ" ಅಂದರು ಮೇಷ್ಟ್ರು.

"ತೊಂದರೆ ಏನು ಬಂತು? ದಿನಾ ಮಾಡೋದೇ" ಅಂದರು ಅತ್ತೆ.

ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮಾತು ಕೇಳಿ, ಕೆಲಸ ಕೆಟ್ಟಿತು ಅಂದುಕೊಂಡೆ. ಆದರೆ ಬಂದವರೆದುರು ಅತ್ತೆಯ ಮಾತನ್ನು ಸೊಸೆ ತಿದ್ದುವುದುಂಟೇ? ತಿದ್ದಲಿಲ್ಲ. ಮತ್ತೆ ಅಂಥ ಗಳಿಗೆ ಬಂದರೂ ತಿದ್ದುತ್ತಿರಲಿಲ್ಲ ಅಂತ ಕಾಣುತ್ತದೆ.

ಮೇಷ್ಟ್ರು ತಿನ್ನುತ್ತಾ ದತ್ತಿಯ ವಿಷಯ ಬಿಡಿಸಿ ಹೇಳಿದರು. ಮೇಷ್ಟ್ರಾಗಿದ್ದವರು, ಹೇಳಿಕೊಡುವುದು ಬಿಟ್ಟಿರಲಿಲ್ಲ. "ನೋಡಿ, ಅಸಲು ಅಂದ್ರೆ ಹಸು ಇದ್ದ ಹಾಗೆ. ಹಸು ಕೊಯ್ದು ಹಂಚಿದ್ರೆ ಒಂದೇ ದಿನ. ಇಟ್ಕೊಂಡು ಹಾಲು ಹಂಚಿದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಆದ್ರೆ ಹಾಲು ಇರೋದೇ ಒಂದು ಚೆಂಬು, ಪಾತ್ರೆ ಹಿಡಿದು ನಿಂತೋರು ಬಹಳ. ಏನು ಮಾಡೋದು ಹೇಳಿ."

ಬ್ಯಾಂಕಿನವರು ರೇಡಿಯೋ ಕಡೆ ನೋಡುತ್ತಿದ್ದರು. "ಸೌಂಡು ಚೆನ್ನಾಗಿದೆ" ಅಂದರು.

ಡಾಕ್ಟರ ಹೆಂಡತಿ ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದರು. ಸೊಗಸಾದ ಹೆಂಗಸು, ಮಾತೂ ಮೆತ್ತಗೆ. "ನಿಮ್ಮ ಅಡುಗೆಮನೆ ಎಷ್ಟು ಒಪ್ಪವಾಗಿದೆಯಮ್ಮಾ" ಅನ್ನುತ್ತಾ ಅಕ್ಕಿ ಡಬ್ಬದ ಮುಚ್ಚಳ ಸರಿಸಿದರು. ತುಂಬಿದ ಡಬ್ಬ. ಮುಚ್ಚಿದರು. ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ.

ಇಷ್ಟೇ ನಡೆದದ್ದು. ಗಂಡನಿಗೆ ಕೆಲಸ ಇದೆಯೇ ಅಂತ ಅವರು ಕೇಳಲಿಲ್ಲ, ಅರ್ಜಿಯಲ್ಲಿ ಬರೆದಿತ್ತಲ್ಲ. ಈ ಕುರ್ಚಿ ನಿಮ್ಮದೇ ಅಂತ ಕೇಳಲಿಲ್ಲ. ಹಾಗೆಲ್ಲ ಕೇಳುವುದು ಮರ್ಯಾದೆಯಲ್ಲ ಅಂತ ಅವರು. ಕೇಳದೆ ಹೇಳಿಕೊಳ್ಳುವುದು ಮರ್ಯಾದೆಯಲ್ಲ ಅಂತ ನಾವು. ಎರಡು ಮರ್ಯಾದೆಗಳ ನಡುವೆ ಹುಡುಗಿಯ ಸೀಟು ಕೂತಿತ್ತು.

ಹೋದ ಮೇಲೆ ಟೈಲರನ ಹೆಂಡತಿ ಅಕ್ಕಿ ಅಳೆದುಕೊಂಡು ಹೋದಳು. "ಒಪ್ಪಿದ್ರು ಅಂತ ಲೆಕ್ಕ ಅಕ್ಕಾ, ಎರಡನೇ ಸಲ ಹಾಕಿಸ್ಕೊಂಡು ತಿಂದ್ರಲ್ಲ" ಅಂದಳು. ಹೆಣ್ಣು ನೋಡಲು ಬಂದವರ ವಿಷಯದಲ್ಲಿ ಅವಳ ಮಾತು ಯಾವತ್ತೂ ತಪ್ಪುತ್ತಿರಲಿಲ್ಲ.

ಹೆಸರು ಓದುವುದು ಭಜನೆ ಮಂದಿರದಲ್ಲಿ, ಸಂಜೆ ಮಂಗಳಾರತಿ ಆದ ಮೇಲೆ. ವಠಾರವೆಲ್ಲ ಹೋಗಿತ್ತು. ಬ್ಯಾಂಕಿನವರು ಎದ್ದು ನಿಂತು ಓದಿದರು. ಈ ಮಗುವಿಗೆ ಶಾಲೆಯ ಫೀಜು, ಆ ಹುಡುಗನಿಗೆ ಕಾಲೇಜು, ಇನ್ನೊಬ್ಬರಿಗೆ ಆಸ್ಪತ್ರೆಯ ಖರ್ಚು. ಓದಿ ಮುಗಿಸಿ ಕೂತರು. ನನ್ನ ಮಗಳ ಹೆಸರು ಬರಲಿಲ್ಲ.

ಹಿಂದಿನ ರಸ್ತೆಯ ಒಂದು ಮನೆಯವರಿಗೆ ಬಂದಿತ್ತು. ಅವರ ಮನೆಯಲ್ಲಿ ಸೀಲಿಂಗ್ ಫ್ಯಾನಿತ್ತು, ಸಮಿತಿ ಬರುವ ಮುನ್ನ ಬಿಚ್ಚಿ ಯಾರದೋ ಮನೆಯ ಮಂಚದ ಕೆಳಗೆ ಇಟ್ಟಿದ್ದರು. ಆಮೇಲೆ ತಿಳಿಯಿತು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಹುಡುಗನೂ ಓದಬೇಕಿತ್ತು. ಅವರು ಇದ್ದದ್ದನ್ನು ಹೊರಗೆ ಸಾಗಿಸಿದರು, ನಾವು ಇಲ್ಲದ್ದನ್ನು ಒಳಗೆ ತಂದೆವು. ನೋಡಲು ಬಂದವರ ಕಣ್ಣಿಗೆ ಎರಡೂ ಒಂದೇ ಥರ ಮಣ್ಣು.

ನನ್ನ ಮಗಳು ತಲೆ ತಗ್ಗಿಸಿ ಉಗುರು ಕೆರೆಯುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನೆ ಕೂರುತ್ತಿದ್ದೆನೋ ಏನೋ. ಎದ್ದು ನಿಂತೆ.

"ಮೇಷ್ಟ್ರೇ, ನಮ್ಮ ಹುಡುಗಿಗೆ ಯಾಕೆ ಇಲ್ಲ?"

ಮಂದಿರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಗಸರು ಅಲ್ಲಿ ಹಾಡಲು ಬಾಯಿ ತೆರೆಯುತ್ತಿದ್ದರು, ಕೇಳಲು ಅಲ್ಲ. ಅತ್ತೆ ನನ್ನ ಸೆರಗು ಎಳೆದರು.

ಮೇಷ್ಟ್ರು ಸಮಾಧಾನವಾಗಿಯೇ ಹೇಳಿದರು. "ಕೂತ್ಕೊಳ್ಳಮ್ಮಾ. ನಾವೇ ಬಂದು ನೋಡಿದ್ವಲ್ಲ. ದೇವರ ದಯೆಯಿಂದ ನೀವು ಅನುಕೂಲವಾಗಿದ್ದೀರಿ. ಇನ್ನೂ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದ್ದಾರೆ."

"ನೋಡಿದ್ರಿ ನಿಜ. ತಿಂದ್ರಿ ಕೂಡ. ಯಾರದು ಅಂತ ಕೇಳಿದ್ರಾ?"

"ಯಾರದು ಅಂದ್ರೆ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕಂಡಕ್ಟರು ಎದ್ದ. ಬಸ್ಸಿನಲ್ಲಿ ಕೂಗಿ ಕೂಗಿ ಕಂಚಿನಂಥ ಗಂಟಲು. "ಸಾರ್, ನೀವು ಕೂತಿದ್ದ ಕುರ್ಚಿ ನಂದು. ರವೆನೂ ನಂದೇ."

"ಲೋಟ ತಟ್ಟೆ ನಮ್ದು" ಅಂದಳು ಟೈಲರನ ಹೆಂಡತಿ, ಕೂತಲ್ಲಿಂದಲೇ. "ಅಕ್ಕಿ, ತುಪ್ಪ, ಅದೂ ನಮ್ದೇ. ಮೇಡಂ ಮುಚ್ಚಳ ತೆಗೆದು ನೋಡಿದ್ರಲ್ಲ, ಅದು ನಮ್ಮನೆ ಅಕ್ಕಿ."

ಡಾಕ್ಟರ ಹೆಂಡತಿಯ ಮುಖ ಕೆಂಪಾಯಿತು.

"ಜಮಖಾನ ನಮ್ಮದು!" ಅಂತ ಮೂಲೆಯಿಂದ ಯಾರೋ ಕೂಗಿದರು. ಅಲ್ಲಿಗೆ ಜನ ನಗಲು ಶುರು ಮಾಡಿದರು. ಒಬ್ಬ ತುಂಟ, "ಹಂಗಾದ್ರೆ ಗೋಡೆ ಯಾರ್ದು ಗುರು?" ಅಂದ. "ಗೋಡೆ ಓನರ್ರದು" ಅಂತ ಇನ್ನೊಬ್ಬ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೆ ಆಗ ಅವರ ಕಡೆ ನೋಡಲು ಪುರುಸೊತ್ತಿರಲಿಲ್ಲ.

ಬ್ಯಾಂಕಿನವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ರೇಡಿಯೋ?"

"ಅದೂ ನಂದೇ ಸಾರ್" ಅಂದ ಕಂಡಕ್ಟರು. "ಕೆಟ್ಟು ಮೂಲೇಲಿ ಬಿದ್ದಿತ್ತು. ಈ ಹುಡುಗಿನೇ ರಿಪೇರಿ ಮಾಡಿದ್ದು. ಯಾವ ಓದಿಗೆ ದುಡ್ಡು ಕೇಳಿದ್ಲೋ ಅದನ್ನ ಮುಂಚೆನೇ ಅರ್ಧ ಓದ್ಕೊಂಡಿದ್ದಾಳೆ."

ಬ್ಯಾಂಕಿನವರು ನನ್ನ ಮಗಳ ಕಡೆ ನೋಡಿದರು. ಆಮೇಲೆ ಮೇಷ್ಟ್ರ ಕಡೆ. ಮೇಷ್ಟ್ರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಪಾಪ, ಅವರಿಗೆ ನಿಜವಾಗಿ ಸಂಕಟವಾಗಿತ್ತು.

"ತಾಯಿ, ತಪ್ಪಾಯ್ತು ಅಂತಾನೇ ಇಟ್ಕೊಳ್ಳಿ. ಆದ್ರೆ ಓದಿನ ಪಾಲು ಹಂಚಿ ಆಯ್ತು. ಹೆಸರು ಓದಿದ ಮಗೂನ ಹತ್ರ ವಾಪಸ್ಸು ಕಿತ್ಕೊಳ್ಳೋಕಾಗುತ್ತಾ? ಅಸಲು ಮುಟ್ಟೋ ಹಾಗಿಲ್ಲ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಸೀಟು ಇರಲ್ಲ ಮೇಷ್ಟ್ರೇ."

"ಕಾಯಿಲೆ ಪಾಲಿನಲ್ಲಿ ಸ್ವಲ್ಪ ಮಿಕ್ಕಿದೆ" ಅಂದರು ಡಾಕ್ಟರ ಹೆಂಡತಿ ಮೆಲ್ಲಗೆ. "ಅದರಲ್ಲಿ..."

"ಆ ಪಾಲು ಓದಿಗೆ ಹೋಗೋ ಹಾಗಿಲ್ಲ" ಅಂದರು ಬ್ಯಾಂಕಿನವರು. "ಅವರು ಬರೆದಿಟ್ಟ ಹಾಗೇ ನಡೀಬೇಕು. ಇವತ್ತು ನಾವು ಒಳ್ಳೇದಕ್ಕೆ ಅಂತ ಬದಲಾಯಿಸ್ತೀವಿ. ನಾಳೆ ಬರೋರು ಇನ್ಯಾವುದಕ್ಕೋ ಬದಲಾಯಿಸ್ತಾರೆ."

ಆ ಹೊತ್ತಿಗೆ ನನಗೆ ಆ ಮನುಷ್ಯನ ಮೇಲೆ ಉರಿಯಿತು. ಆದರೆ ಅವರು ಹೇಳಿದ್ದು ಸರಿ. ಸತ್ತವನು ಎದ್ದು ಬಂದು ಕೇಳುವುದಿಲ್ಲ, ಅವನ ಮಾತು ಕಾಯಲು ಬದುಕಿದವರು ಸ್ವಲ್ಪ ಮೊಂಡರಾಗಿಯೇ ಇರಬೇಕು. ಇದು ನನಗೆ ಹೊಳೆದದ್ದು ಬಹಳ ವರ್ಷ ಕಳೆದ ಮೇಲೆ, ನನ್ನ ಕಣ್ಣೆದುರೇ ಎಷ್ಟೋ ಸಂಘಗಳ ಹಸುಗಳನ್ನು ಅವುಗಳ ಪಾಲಕರೇ ಕೊಯ್ದು ತಿಂದದ್ದನ್ನು ನೋಡಿದ ಮೇಲೆ. ಈ ದತ್ತಿಯ ಹಸು ಮಾತ್ರ ಬದುಕಿ ಉಳಿಯಿತು.

ಆವತ್ತು ನನಗೆ ಹೊಳೆದದ್ದು ಬೇರೆ.

"ಊಟದ ಪಾಲು ಹಾಗೇ ಇದೆಯಾ?" ಅಂದೆ.

"ಇದೆ. ಆದ್ರೆ ಊಟ ಹಾಕಲೇಬೇಕು, ಅದೂ ಬರೆದಿದೆ" ಅಂದರು ಮೇಷ್ಟ್ರು.

"ಹಾಕಿ. ಬೇಡ ಅಂದವರ್ಯಾರು? ಅಡುಗೆ ಮಾಡೋರಿಗೆ ಕೂಲಿ ಕೊಡ್ತೀರಲ್ಲ, ಆ ಕೆಲಸ ನನಗೆ ಕೊಡಿ. ಮುಂಗಡ ಈಗಲೇ ಕೊಡಿ. ಅದು ದಾನ ಅಲ್ಲ, ಕೂಲಿ. ನನ್ನ ಕೂಲಿ ನಾನು ಫೀಜಿಗಾದ್ರೂ ಕಟ್ತೀನಿ, ಬಾವಿಗಾದ್ರೂ ಹಾಕ್ತೀನಿ, ಅದನ್ನ ಯಾವ ಪತ್ರದಲ್ಲೂ ಬರೆದಿರಲ್ಲ."

ಮುಂದೆ ಕೂತಿದ್ದ ಒಬ್ಬ ಹಿರಿಯರು ತಿರುಗಿದರು. "ವಠಾರದ ಹೆಂಗಸರು ಮಾಡಿದ್ರೆ ಊಟಕ್ಕೆ ಎಲ್ಲರೂ ಕೂರ್ತಾರೇನಮ್ಮಾ? ನೇಮ ನಿಷ್ಠೆ ಇರೋರು ಬರ್ತಾರೆ."

"ಉಪ್ಪಿಟ್ಟು ತಿನ್ನೋವಾಗ ಅಧ್ಯಕ್ಷರು ಕೇಳಲಿಲ್ಲ ಸ್ವಾಮಿ" ಅಂದೆ. "ಎರಡನೇ ಸಲ ಹಾಕಿಸ್ಕೊಂಡ್ರು."

ಮತ್ತೆ ನಗು. ಈ ಸಲ ಮೇಷ್ಟ್ರೂ ನಕ್ಕರು. ಬ್ಯಾಂಕಿನವರು ಕೈಯಲ್ಲಿದ್ದ ಪಟ್ಟಿ ಮಡಚಿ, "ಅಡುಗೆ ಯಾರು ಮಾಡಬೇಕು ಅಂತ ಪತ್ರದಲ್ಲಿ ಇಲ್ಲ" ಅಂದರು. ಆ ಮನುಷ್ಯನ ಬಾಯಿಂದ ಬಂದದ್ದರಲ್ಲಿ ನನಗೆ ಇಷ್ಟವಾದ ಮಾತು ಅದೊಂದೇ.

ಅಡುಗೆ ನನಗೆ, ಮುಂಗಡ ವಾರದೊಳಗೆ ಅಂತ ಅಲ್ಲೇ ತೀರ್ಮಾನವಾಯಿತು. ಸದ್ಯ ಮುಗಿಯಿತು ಅಂದುಕೊಂಡು ಮನೆಗೆ ನಡೆದೆ. ವಠಾರದವರು ದಾರಿಯುದ್ದಕ್ಕೂ ಗಲಾಟೆ. ಕುರ್ಚಿ ನಂದು, ರವೆ ನಂದು ಅಂತ ಕಂಡಕ್ಟರು ಮತ್ತೆ ಮತ್ತೆ ಆಡಿ ತೋರಿಸಿದ. ಅತ್ತೆ ಮಾತ್ರ ಮುಂದೆ ಮುಂದೆ ನಡೆದು ಹೋದರು. ಮಗಳು ನನ್ನ ಪಕ್ಕಕ್ಕೆ ಬಂದಳು. ಥ್ಯಾಂಕ್ಸು ಗೀಂಕ್ಸು ಏನೂ ಹೇಳಲಿಲ್ಲ, ನಮ್ಮ ಮನೆಯಲ್ಲಿ ಆ ಅಭ್ಯಾಸ ಇಲ್ಲ.

"ಅಮ್ಮಾ, ಪ್ರತಿ ವರ್ಷ ಅಡುಗೆ ಮಾಡ್ತಿದ್ದ ಭಟ್ಟರ ಗತಿ?" ಅಂದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಅಡುಗೆಯವರ ಒಲೆ ತಣ್ಣಗಿರುವ ತಿಂಗಳು. ಆ ತಿಂಗಳಲ್ಲಿ ಅವರಿಗಿದ್ದದ್ದು ಈ ಒಂದು ಊಟ. ಹಾಲು ಇರೋದೇ ಒಂದು ಚೆಂಬು ಅಂತ ಮೇಷ್ಟ್ರು ಹೇಳಿದ್ದು ಇದನ್ನೇ, ಒಬ್ಬರ ಪಾತ್ರೆ ತುಂಬಿಸಿದರೆ ಇನ್ನೊಬ್ಬರದು ಖಾಲಿ. ಕೇಳುವಾಗ ಅದು ಬರೀ ಪಾಠದ ಹಾಗಿತ್ತು.

ಮಾರನೆಯ ಬೆಳಿಗ್ಗೆ, ಬೇರೆಯವರ ಬಾಯಿಂದ ಸುದ್ದಿ ಹೋಗುವ ಮುಂಚೆ, ನಾನೇ ಹನುಮಂತನಗರಕ್ಕೆ ನಡೆದೆ. ಗುಡ್ಡದ ಕೆಳಗೆ, ಕಾಯಿ ಅಂಗಡಿಯ ಹಿಂದಿನ ಸಂದಿಯಲ್ಲಿ ಭಟ್ಟರ ಮನೆ. ಅವರು ಜಗಲಿಯ ಮೇಲೆ ಕೂತು ಸುಮ್ಮನೆ ಜುಟ್ಟಿಗೆ ಎಣ್ಣೆ ಹಚ್ಚುತ್ತಿದ್ದರು. ಒಳಗೆ ಕರೆದು ಮಣೆ ಹಾಕಿದರು. ಅವರ ಹೆಂಡತಿ ಕಾಫಿ ತಂದರು.

ಕಾಫಿ ಗಟ್ಟಿಯಾಗಿತ್ತು. ಲೋಟ ಹೊಳೆಯುತ್ತಿತ್ತು. ಗೋಡೆಯ ಮೇಲೆ ಗಡಿಯಾರ ಇತ್ತು, ಬಾಗಿಲ ಹಿಂದೆ ಒಂದು ಮಡಚುವ ಕುರ್ಚಿ. ಪರವಾಗಿಲ್ಲ, ಅನುಕೂಲವಾಗಿದ್ದಾರೆ, ಈ ಒಂದು ಊಟ ಹೋದರೆ ಇವರಿಗೇನೂ ಆಗುವುದಿಲ್ಲ ಅಂತ ಅಂದುಕೊಂಡೆ. ಅಂದುಕೊಂಡ ಮೇಲೆ ಗೊತ್ತಾಯಿತು, ನಾನು ಏನು ಮಾಡುತ್ತಿದ್ದೇನೆ ಅಂತ. ಇವರಿಗೂ ಅಕ್ಕಪಕ್ಕದವರು ಇರುತ್ತಾರೆ, ಇವರಿಗೂ ಒಬ್ಬ ಅತ್ತೆ ಇದ್ದಿರಬಹುದು.

ಲೋಟ ಕೆಳಗಿಟ್ಟು ನೇರವಾಗಿ ಕೇಳಿದೆ. "ಭಟ್ರೇ, ದತ್ತಿಯ ಊಟದ ಅಡುಗೆ ನಾನು ಕೇಳಿ ತಗೊಂಡಿದ್ದೀನಿ. ಮಗಳ ಫೀಜು ಕಟ್ಟಬೇಕು. ಆ ಕೆಲಸ ಹೋದ್ರೆ ನಿಮಗೆ ಕಷ್ಟ ಆಗುತ್ತಾ?"

ಅವರ ಹೆಂಡತಿ ಬಾಗಿಲಲ್ಲಿ ಗಕ್ಕನೆ ನಿಂತರು. ಹಾಗೆ ಯಾರೂ ಕೇಳುವುದಿಲ್ಲ. ಭಟ್ಟರು ಎಣ್ಣೆಯ ಕೈ ಪಂಚೆಗೆ ಒರೆಸಿಕೊಂಡರು.

"ಆಗುತ್ತೆ" ಅಂದರು. "ಅಂಗಡಿಯವನ ಬಾಕಿ ಆ ಊಟ ಆದ ಮೇಲೆ ಕೊಡ್ತೀನಿ ಅಂದಿದ್ದೆ."

ಅವರು ಬಾಯಿ ಬಿಟ್ಟು ಹೇಳಿದ್ದು ಅಷ್ಟೇ ಮಾತು. ಸಾಕಾಗಿತ್ತು.

"ಹಾಗಾದ್ರೆ ಹೇಗೆ ಮಾಡೋಣ?"

"ಅಷ್ಟು ಜನಕ್ಕೆ ಹೋಳಿಗೆ ತಟ್ಟಿ ಅಭ್ಯಾಸ ಇದೆಯಾ ನಿಮಗೆ?"

"ಇಲ್ಲ. ಹಪ್ಪಳ ಒತ್ತಿ ಇದೆ."

ಭಟ್ಟರು ನಕ್ಕರು. "ಹಪ್ಪಳ ಒಣಗಿಸಿದ್ರೆ ಆಯ್ತು. ಹೋಳಿಗೆ ಹರಿದ್ರೆ ಊರೆಲ್ಲ ಹಾಡುತ್ತೆ. ನೋಡಿ, ನನ್ನ ಕೈಯಾಳುಗಳು ಆಷಾಢಕ್ಕೆ ಊರಿಗೆ ಹೋಗಿದ್ದಾರೆ. ಹೇಗಿದ್ರೂ ನಾನು ಜನ ಹುಡುಕಬೇಕಿತ್ತು. ಒಲೆ ಮುಂದೆ ನಾನಿರ್ತೀನಿ. ರುಬ್ಬೋದು, ಹೆಚ್ಚೋದು, ಕಣಕ ನಾದೋದು ನಿಮ್ಮ ವಠಾರದ ಹೆಂಗಸರು. ಕೂಲಿ ಅರ್ಧ ಅರ್ಧ. ಮುಂಗಡ ಪೂರ್ತಿ ನೀವೇ ಇಟ್ಕೊಳ್ಳಿ, ಫೀಜು ಮೊದಲು ಹೋಗಲಿ. ನನ್ನ ಪಾಲು ಊಟ ಆದ ಮೇಲೆ."

ಮುಂಗಡ ಮೊದಲ ಕಂತಿಗೆ ಸಾಕಾಗುತ್ತಿತ್ತು. ಎರಡನೆಯದರ ಚಿಂತೆ ಎರಡನೆಯದು ಬಂದಾಗ.

"ಅಂಗಡಿಯವನು?" ಅಂದೆ.

"ಅವನಿಗೆ ನಾನು ಹೇಳ್ಕೋತೀನಿ. ಅವನು ಬಂದು ಮನೆ ನೋಡಲ್ಲ, ಬಿಡಿ."

ಭಜನೆ ಮಂದಿರದ ಮಾತು ಆಗಲೇ ಗುಡ್ಡದ ಕೆಳಗಿನ ತನಕ ಬಂದಿತ್ತು ಅಂತ ಆಗ ತಿಳಿಯಿತು. ನಾನು ಬರುವುದನ್ನೇ ಅವರು ಕಾಯುತ್ತಿದ್ದರೋ ಏನೋ.

ಅವರ ಹೆಂಡತಿ ಒಳಗಿಂದ ಈಳಿಗೆಮಣೆ ತಂದು ನನ್ನ ಮುಂದೆ ಇಟ್ಟರು. ಭಟ್ಟರು ಮೂಲೆಯಲ್ಲಿದ್ದ ಒಂದು ಸಿಹಿಗುಂಬಳ ಉರುಳಿಸಿದರು. "ಕೂಟಿಗೆ ಹೆಚ್ಚೋ ಹಾಗೆ ಹೆಚ್ಚಿ. ಕೈ ನೋಡೋಣ."

ಕಾಫಿ ಉಳಿದಿತ್ತು, ಕುಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಈಳಿಗೆಮಣೆಯ ಮೇಲೆ ಕಾಲಿಟ್ಟು ಕೂತು, ಕುಂಬಳಕಾಯಿಯನ್ನು ಅಡ್ಡಡ್ಡ ಎರಡು ಹೋಳು ಮಾಡಿದೆ.